ಓಡುವ ಮಗುವಿಗೆ ಬೋರಲು ಕಡುಬು

ಓಡುತ್ತಿರುವ ಮಗುವನ್ನು ಹಿಡಿದು ತಂದು, ಚಾಪೆಯ ಮೇಲೆ ಅಂಗಾತ ಮಲಗಿಸಿ, ಅದು ಮಗ್ಗುಲಾದ ಕೂಡಲೇ "ನನ್ನ ಮಗಳು ಬೋರಲು ಬಿದ್ದಳು!" ಎಂದು ಇಡೀ ಅಪಾರ್ಟ್‌ಮೆಂಟಿಗೆ ಕಡುಬು ಹಂಚಿದ ಮಹಾತಾಯಿಯನ್ನು ನೀವು ಕಂಡಿದ್ದೀರಾ? ಕಂಡಿಲ್ಲವಾದರೆ ನಿಮಗೆ ನಮ್ಮಕ್ಕ ಗೊತ್ತಿಲ್ಲ ಎಂದೇ ಅರ್ಥ. ಅವಳ ತಲೆ ನೆಟ್ಟಗಿದೆಯೇ ಎಂದು ಮಾತ್ರ ಕೇಳಬೇಡಿ. ಮೈಸೂರಿನ ಹೈಸ್ಕೂಲೊಂದರಲ್ಲಿ ಹದಿನೆಂಟು ವರ್ಷದಿಂದ ಗಣಿತ ಹೇಳಿಕೊಡುತ್ತಿರುವವಳು ಅವಳು. ತಲೆ ನೆಟ್ಟಗೇ ಇದೆ. ಉಳಿದವರದ್ದು ಸ್ವಲ್ಪ ಸೊಟ್ಟ ಎಂಬುದು ಅವಳ ಅಭಿಪ್ರಾಯ.

ನಮ್ಮ ಮನೆತನದಲ್ಲಿ ಕೂಸು ಮಾಡುವ ಪ್ರತಿ ಘನಕಾರ್ಯಕ್ಕೂ ಒಂದು ಕಡುಬು. ಮೊದಲ ಸಲ ಬೋರಲು ಬಿದ್ದರೆ ಕಡುಬು, ಹೊಸ್ತಿಲು ದಾಟಿದರೆ ಕಡುಬು, ಹಲ್ಲು ಮೂಡಿದರೆ ಕಡುಬು, ಹೆಜ್ಜೆಯಿಟ್ಟರೆ ಕಡುಬು. ಅಕ್ಕಿ ಹಿಟ್ಟಿನೊಳಗೆ ಕಾಯಿ ಬೆಲ್ಲ ತುಂಬಿ ಹಬೆಯಲ್ಲಿ ಬೇಯಿಸಿದ್ದು. ತಿನ್ನುವವರೆಲ್ಲ ದೊಡ್ಡವರೇ, ಮಗು ಬರೀ ನೆಪ! ಆದರೆ ಪುಟ್ಟಿ ನಮ್ಮಕ್ಕನ ಮಡಿಲಿಗೆ ಬಂದದ್ದೇ ಎರಡು ವರ್ಷ ತುಂಬಿದ ಮೇಲೆ. ಮದುವೆಯ ಗೊಡವೆಗೇ ಹೋಗದ ಅಕ್ಕ, ನಲವತ್ತು ದಾಟಿದ ಮೇಲೆ, ಒಂದು ಶಿಶುಗೃಹದಿಂದ ಅವಳನ್ನು ದತ್ತು ತಂದಳು. ಬರುವಾಗಲೇ ಪುಟ್ಟಿಗೆ ಬಾಯಿ ತುಂಬ ಹಲ್ಲು, ಕಾಲಿಗೆ ಚಕ್ರ. ಬೋರಲು, ಹೊಸ್ತಿಲು, ಹೆಜ್ಜೆ ಎಲ್ಲವೂ ಎಲ್ಲೋ, ಯಾವಾಗಲೋ ಆಗಿಹೋಗಿತ್ತು. ಕಡುಬು ಮಾತ್ರ ಆಗಿರಲಿಲ್ಲ.

"ಆಗದೇ ಇದ್ರೆ ಈಗ ಮಾಡೋದು. ಅದಕ್ಕೇನೀಗ?" ಎಂದಳು ಅಕ್ಕ ಫೋನಿನಲ್ಲಿ. ಬೇಸಿಗೆ ರಜಕ್ಕೆ ನೈರೋಬಿಗೆ, ನಮ್ಮ ಮನೆಗೆ ಬರುವುದಾಗಿ ಘೋಷಿಸಿಬಿಟ್ಟಿದ್ದಳು.

"ಮೈಸೂರಲ್ಲೇ ಮಾಡಬಹುದಲ್ಲೇ! ಕಡುಬು ತಿನ್ನೋಕೆ ಸಮುದ್ರ ದಾಟಬೇಕಾ?"

"ಇಲ್ಲೇ ಮಾಡೋಕೆ ಹೊರಟಿದ್ದೆ ಕಣೋ. ಬೆಳೆದ ಮಗೂಗೆ ಇದೆಲ್ಲ ಯಾತಕ್ಕೆ, ಜನ ನಗ್ತಾರೆ ಅಂದ್ರು ದೊಡ್ಡಮ್ಮ. ನಿಮ್ಮೂರಲ್ಲಿ ಯಾರು ನಗ್ತಾರೆ ಹೇಳು? ನೀನೊಬ್ಬ. ನಿನಗೆ ಬೈದ್ರೆ ಸುಮ್ನಾಗ್ತೀಯ."

ಬಂದಳು. ವಿಮಾನ ನಿಲ್ದಾಣದ ಹೊರಗೆ ಒಂದು ಗಂಟೆ ಕಾದೆ. ಒಳಗೆ ಅಧಿಕಾರಿಯೊಬ್ಬ ಅವಳ ಸೂಟ್‌ಕೇಸ್ ಬಿಚ್ಚಿ ಬೆರಗಾಗಿ ನಿಂತಿದ್ದನಂತೆ. ಆಗದೆ ಇರುತ್ತದೆಯೇ? ಬಟ್ಟೆಯ ಮಧ್ಯೆ ಐದು ದಪ್ಪ ಪೊಟ್ಟಣ, ಐದರಲ್ಲೂ ಬಿಳಿ ಪುಡಿ!

"ಏನಮ್ಮ ಇದು?"

"ಅಕ್ಕಿ ಹಿಟ್ಟು. ನನ್ನ ಮಗಳು ಮೊದಲ ಸಲ ಬೋರಲು ಬಿದ್ದಾಗ ಬೇಕಾಗುತ್ತೆ," ಎಂದಳಂತೆ ಅಕ್ಕ, ತರಗತಿಯ ಇಂಗ್ಲಿಷಿನಲ್ಲಿ.

ಪುಟ್ಟಿ ಅಷ್ಟು ಹೊತ್ತಿಗೆ ಯಾರದ್ದೋ ಟ್ರಾಲಿ ತಳ್ಳಿಕೊಂಡು ಬಾಗಿಲಿನತ್ತ ಹೊರಟಾಗಿತ್ತು. ಅಧಿಕಾರಿ ಅವಳನ್ನು ನೋಡಿದ, ಅಕ್ಕನನ್ನು ನೋಡಿದ. "ಸವಾ, ಮಾಮಾ. ಸವಾ," ಸರಿ ತಾಯಿ, ಸರಿ ಎಂದು ಸೂಟ್‌ಕೇಸ್ ತಾನೇ ಮುಚ್ಚಿಕೊಟ್ಟ. ಪಾಪ, ಅವನಿಗೂ ಅಕ್ಕನಂಥ ಅಕ್ಕ ಇದ್ದಿರಬೇಕು.

ನಾವಿರುವುದು ನಮ್ಮ ದೇಶದವರೇ ತುಂಬಿರುವ ಹೈರಿಡ್ಜ್‌ ಬಡಾವಣೆಯಲ್ಲಿ. ಮನೆಯಿಂದ ಇಳಿದರೆ ಎದುರಿನ ಅಂಗಡಿಯಲ್ಲೇ ಅಕ್ಕಿ ಹಿಟ್ಟು, ಬೆಲ್ಲ, ಉದ್ದಿನ ಹಪ್ಪಳ, ಏನು ಬೇಕಾದರೂ ಸಿಗುತ್ತದೆ. ಅದನ್ನು ತೋರಿಸಿದರೆ ಅಕ್ಕ ಒಪ್ಪಬೇಕಲ್ಲ! "ಅದು ಅಂಗಡಿ ಹಿಟ್ಟು. ಇದು ನಾನು ನೆನೆಸಿ, ಒಣಗಿಸಿ, ಬೀಸಿಸಿದ್ದು," ಎಂದು ಪೊಟ್ಟಣಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿಟ್ಟಳು. ಒಂದೊಂದರ ಮೇಲೂ ಮಾರ್ಕರ್ ಪೆನ್ನಿನಲ್ಲಿ ದುಂಡಗೆ ಬರೆದಿತ್ತು: ಬೋರಲು, ಹೊಸ್ತಿಲು, ಹಲ್ಲು, ಹೆಜ್ಜೆ. ಐದನೆಯದರ ಮೇಲೆ ಏನೂ ಇರಲಿಲ್ಲ.

"ಇದು ಯಾವುದಕ್ಕೆ ಅಕ್ಕಾ?" ಎಂದಳು ನನ್ನ ಹೆಂಡತಿ.

"ಅದು ಇರ್ಲಿ ಬಿಡು," ಎಂದವಳು ಮಾತು ತಿರುಗಿಸಿ ತೆಂಗಿನಕಾಯಿ ಕೇಳಿದಳು.

ಬೋರಲಿನ ಕಥೆ ಆಗಲೇ ಹೇಳಿದೆನಲ್ಲ. ಹೇಳದೆ ಬಿಟ್ಟದ್ದೆಂದರೆ, ಪುಟ್ಟಿಗೆ ಅದು ಎಷ್ಟು ಇಷ್ಟವಾಯಿತೆಂದರೆ ಒಂದು ಸಲ ಹೊರಳಿದವಳು ನಿಲ್ಲಲೇ ಇಲ್ಲ. ಹಾಲಿನ ಈ ಗೋಡೆಯಿಂದ ಆ ಗೋಡೆಯವರೆಗೆ ಉರುಳುಸೇವೆ! ಕೊನೆಗೆ ಸೋಫಾದ ಕೆಳಗಿಂದ ಎಳೆದು ತೆಗೆದೆವು. ಗೇಟಿನ ಕಾವಲುಗಾರ ಎರಡು ಕಡುಬು ತಿಂದು, ಮಗು ನಾಳೆಯೂ ಬೀಳುತ್ತದೆಯೇ ಎಂದು ವಿಚಾರಿಸಿದ.

ಹೊಸ್ತಿಲಿನದು ಇನ್ನೊಂದು ರಾಮಾಯಣ. ಈ ಫ್ಲಾಟುಗಳಿಗೆ ಹೊಸ್ತಿಲು ಎಲ್ಲಿಂದ ಬರಬೇಕು? ಎಲ್ಲ ಟೈಲ್ಸು, ನುಣ್ಣಗೆ. "ಹೊಸ್ತಿಲಿಲ್ಲದ ಮನೇಲಿ ಹ್ಯಾಗೋ ಇದ್ದೀಯ, ದರಿದ್ರದವನೇ!" ಎಂದು ಬೈಸಿಕೊಂಡೆ. ನಾನು ಕೆಲಸ ಮಾಡುವ ಔಷಧಿ ಕಾರ್ಖಾನೆ ಇರುವುದು ಇಂಡಸ್ಟ್ರಿಯಲ್ ಏರಿಯಾದಲ್ಲಿ. ಅಲ್ಲಿ ಮುರಿದುಹಾಕಿದ್ದ ಪೆಟ್ಟಿಗೆಯ ಒಂದು ಹಲಗೆಯನ್ನು ಕೇಳಿ ಪಡೆದು, ಮೊಳೆ ಕೀಳಿಸಿ, ಕಾರಿನ ಕಿಟಕಿಯಿಂದ ಅರ್ಧ ಹೊರಚಾಚಿಕೊಂಡು ತಂದೆ. ಜಾಮ್‌ನಲ್ಲಿ ಎರಡು ಗಂಟೆ ನಿಂತಾಗ ಪಕ್ಕದ ಮಟಾಟು ವ್ಯಾನಿನ ಪ್ರಯಾಣಿಕರೆಲ್ಲ ಬಗ್ಗಿ ಬಗ್ಗಿ ನೋಡಿದರು. ಹಲಗೆಗೆ ಅರಿಸಿನ ಕುಂಕುಮವಾಯಿತು. ಮಗು ಅಂಬೆಗಾಲಿಟ್ಟು ದಾಟಬೇಕಷ್ಟೆ. ಪುಟ್ಟಿ ಹಿಂದೆ ಸರಿದು, ಓಡಿ ಬಂದು, ಎರಡೂ ಕಾಲೆತ್ತಿ ಹಾರಿದಳು! ಮೂರು ಸಲ ಹೇಳಿಕೊಟ್ಟರೂ ಮೂರು ಸಲವೂ ಹಾರಿದಳು. ಕೊನೆಗೆ ನಮ್ಮ ಮನೆಗೆಲಸದ ಮೇರಿ ನಗು ತಡೆಯಲಾರದೆ ತಾನೇ ಅಂಬೆಗಾಲಿಟ್ಟು ದಾಟಿ ತೋರಿಸಿದಳು. ಮೊದಲ ಕಡುಬು ಮೇರಿಗೇ ಸಂದಿತು.

ಮೇರಿ ಎಂದಾಗ ಇದನ್ನು ಹೇಳಲೇಬೇಕು. ಇಲ್ಲಿ ಹೆಂಗಸರನ್ನು ಮಗುವಿನ ಹೆಸರಿನಿಂದ ಕರೆಯುವುದು ವಾಡಿಕೆ. ಬಂದ ದಿನವೇ ಮಗುವಿನ ಹೆಸರು ಕೇಳಿ ತಿಳಿದುಕೊಂಡ ಮೇರಿ, ಮರುಗಳಿಗೆಯಿಂದ ಅಕ್ಕನನ್ನು "ಮಾಮಾ ಪುಟ್ಟಿ" ಎಂದಳು. ಅಂದರೆ ಪುಟ್ಟಿಯ ತಾಯಿ. ಯಾರ ಮಗು, ಎಲ್ಲಿಂದ ತಂದಿರಿ, ಅಪ್ಪ ಯಾರು, ಒಂದು ಪ್ರಶ್ನೆಯಿಲ್ಲ! ಅದುವರೆಗೆ ಬರೀ "ಮಿಸ್" ಆಗಿದ್ದ ನಮ್ಮಕ್ಕ ಅವತ್ತಿನಿಂದ ಕಾರಣವಿಲ್ಲದೆ ಅಡುಗೆಮನೆಗೆ ಹೋಗಿಬರತೊಡಗಿದಳು. ದಿನಕ್ಕೆ ಹದಿನೈದು ಲೋಟ ನೀರು ಕುಡಿಯುವಷ್ಟು ಬಾಯಾರಿಕೆ ಮನುಷ್ಯರಿಗೆ ಇರುತ್ತದೆಯೇ? ಕೇಳಬೇಕಾದದ್ದು ಆ ಎರಡು ಮಾತು, ನೀರು ನೆಪ.

ಇಷ್ಟೆಲ್ಲ ನಗುವಿನ ನಡುವೆ ಒಂದು ಬೆಳಿಗ್ಗೆ ಪುಟ್ಟಿ ಮೆಟ್ಟಿಲಿನ ಮೇಲೆ ಮುಗ್ಗರಿಸಿ ಬಿದ್ದಳು. ಮಂಡಿ ತರಚಿ ರಕ್ತ ಬಂತು. ನಾನು ಓಡುವಷ್ಟರಲ್ಲಿ ಎದ್ದು, ತನ್ನ ಫ್ರಾಕನ್ನು ತಾನೇ ಕೊಡವಿಕೊಂಡು, "ಏನೂ ಆಗಿಲ್ಲ" ಎಂದಳು. ಕಣ್ಣಲ್ಲಿ ಒಂದು ಹನಿ ಇಲ್ಲ.

"ಭಲೇ! ಎಷ್ಟು ಗಟ್ಟಿ ಮಗುವೇ ನಿಂದು!" ಎಂದೆ ಅಕ್ಕನಿಗೆ.

ಅಕ್ಕ ನಗಲಿಲ್ಲ. ಮಂಡಿ ತೊಳೆದು, ಔಷಧಿ ಹಚ್ಚಿ, ಪುಟ್ಟಿ ಆಟಕ್ಕೆ ಓಡಿದ ಮೇಲೆ ಹೇಳಿದಳು: "ಶಿಶುಗೃಹದಲ್ಲೂ ಹಾಗೇ ಹೇಳಿದ್ರು ಕಣೋ. ತುಂಬಾ ಒಳ್ಳೆ ಮಗು ಮಿಸ್, ಅಳೋದೇ ಇಲ್ಲ ಅಂತ. ಅತ್ರೆ ಯಾರಾದ್ರೂ ಬರ್ತಾರೆ ಅಂತ ಗೊತ್ತಿದ್ರೆ ತಾನೇ ಮಕ್ಕಳು ಅಳೋದು? ಎಂಟು ತಿಂಗಳಾಯ್ತು. ಜ್ವರ ಬಂತು, ಬಿದ್ಲು, ಸೂಜಿ ಚುಚ್ಚಿಸಿದ್ದಾಯ್ತು. ಒಂದು ಸಲ ಅತ್ತಿಲ್ಲ. ನಾನು ಬರ್ತೀನಿ ಅಂತ ಇನ್ನೂ ನಂಬಿಕೆ ಬಂದಿಲ್ಲ ಅವಳಿಗೆ."

ಗಟ್ಟಿ ಮಗು ಎಂದ ನನ್ನ ನಾಲಿಗೆಯನ್ನು ಕಚ್ಚಿಕೊಂಡೆ.

ಹಲ್ಲಿನ ಕಡುಬಾಯಿತು, ಹೆಜ್ಜೆಯ ಕಡುಬೂ ಆಯಿತು. ಹೊರಡುವುದಕ್ಕೆ ನಾಲ್ಕು ದಿನವಿದ್ದಾಗ ಮೇರಿಯನ್ನೂ ಕರೆದುಕೊಂಡು ಎಲ್ಲರೂ ಊರಂಚಿನ ಕರೆನ್ ಬಡಾವಣೆಯ ಕಡೆಗೆ ಹೋದೆವು. ಅಲ್ಲೊಂದು ಕಡೆ ಜಿರಾಫೆಗಳಿಗೆ ಎತ್ತರದ ಅಟ್ಟಣೆಯ ಮೇಲೆ ನಿಂತು ಕೈಯಾರೆ ತಿನ್ನಿಸಬಹುದು. ಪುಟ್ಟಿ ಧೀರೆಯ ಹಾಗೆ ಅಂಗೈಯಲ್ಲಿ ತಿಂಡಿ ಹಿಡಿದು ನಿಂತಳು. ಜಿರಾಫೆ ಬಗ್ಗಿತು. ಮೊಳದುದ್ದದ ಕಪ್ಪು ನಾಲಿಗೆ ಹೊರಬಂದು ತಿಂಡಿಯನ್ನು ಬಿಟ್ಟು ಪುಟ್ಟಿಯ ಮುಖವನ್ನು ಗಲ್ಲದಿಂದ ಹಣೆಯವರೆಗೆ ಸವರಿತು!

ಪುಟ್ಟಿಯ ಕೆಳತುಟಿ ನಡುಗಿತು. ಆಮೇಲೆ ಬಾಯಿ ತೆರೆಯಿತು ನೋಡಿ! ಇಡೀ ಕರೆನ್‌ಗೆ ಕೇಳಿಸಿರಬೇಕು. ಹತ್ತಿರವಿದ್ದವನು ನಾನು, ಕೈ ಚಾಚಿದೆ. ನನ್ನ ಹೆಂಡತಿ ಚಾಚಿದಳು, ಮೇರಿ ಚಾಚಿದಳು. ಪುಟ್ಟಿ ಮೂವರನ್ನೂ ದಾಟಿಕೊಂಡು, ದೂರದಲ್ಲಿ ಟೋಪಿ ಸರಿಮಾಡಿಕೊಳ್ಳುತ್ತಿದ್ದ ಅಕ್ಕನ ಕಾಲಿಗೆ ಹೋಗಿ ಕಚ್ಚಿಕೊಂಡು ಅತ್ತಳು. ಎತ್ತಿಕೊಂಡ ಮೇಲೆ ಹೆಗಲಿನಲ್ಲಿ ಮುಖ ಹುದುಗಿಸಿ ಇನ್ನೂ ಜೋರಾಗಿ ಅತ್ತಳು.

"ಅತ್ತಳು ಕಣೋ! ನನ್ನ ಹತ್ರ ಬಂದು ಅತ್ತಳು!" ಅಕ್ಕ ನಗುತ್ತಿದ್ದಳು, ಅವಳ ಕಣ್ಣಿಂದಲೂ ಧಾರೆ. ಮಗು ಅರಚುತ್ತಿದ್ದರೆ ನಗುವ ತಾಯಿಯನ್ನು ಪ್ರವಾಸಿಗಳೆಲ್ಲ ದುರುಗುಟ್ಟಿ ನೋಡಿದರು. ಅಲ್ಲಿಯ ಕೆಲಸಗಾರ ಗಾಬರಿಯಿಂದ "ಪೋಲೆ, ಮಾಮಾ, ಪೋಲೆ" ಎಂದು ಕ್ಷಮೆ ಕೇಳಿದ. "ಪೋಲೆ ಯಾಕಪ್ಪಾ? ಅಸಾಂಟೆ!" ಎಂದು ಅವರ ಭಾಷೆಯಲ್ಲೇ ಧನ್ಯವಾದ ಹೇಳಿ ಅಕ್ಕ ಅವನಿಗೂ ಜಿರಾಫೆಗೂ ಕೈ ಮುಗಿದಳು.

ಮನೆಗೆ ಬರುವ ದಾರಿಯುದ್ದಕ್ಕೂ ಪುಟ್ಟಿ ಅತ್ತಳು. ಚಪ್ಪಲಿ ಬಿತ್ತೆಂದು, ಬಿಸಿಲು ಬಿತ್ತೆಂದು, ಕಡೆಗೆ ಏಕೆಂದು ಮರೆತೂ ಅತ್ತಳು. ಪ್ರತಿ ಸಲವೂ ಅಕ್ಕ "ಇಲ್ಲೇ ಇದ್ದೀನಿ ಕಂದಾ" ಎಂದಳು.

ಮನೆ ಸೇರಿದವಳೇ, ಮಗುವನ್ನು ಸೊಂಟದಿಂದ ಇಳಿಸದೆ, ಅಡುಗೆಮನೆಯಲ್ಲಿ ಮಾರ್ಕರ್ ಪೆನ್ನು ಹುಡುಕಿದಳು. ಐದನೆಯ ಪೊಟ್ಟಣದ ಮೇಲೆ ದುಂಡಗೆ "ಅಳು" ಎಂದು ಬರೆದು, ನನ್ನ ಹೆಂಡತಿಯ ಕೈಗಿತ್ತು ಹೇಳಿದಳು: "ತಗೋ, ಇದನ್ನ ಕತ್ತರಿಸು. ಇದೊಂದನ್ನ ನಾನು ಕಣ್ಣಾರೆ ನೋಡ್ದೆ."