ಮಾನ್ವಿಯಲ್ಲಿ ಹೊಟ್ಟೆ ಹೇಳಿದ ಸಾಕ್ಷಿ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬೆವರಿಳಿಸಿದ ನನಗೆ ಕನ್ಯೆ ನೋಡುವುದೆಂದರೆ ಯಾವ ಲೆಕ್ಕ? ರಾಯಚೂರಿನಲ್ಲಿ ಮಾನ್ವಿ ಬಸ್ಸು ಹತ್ತುವಾಗ ಅವ್ವ ಒಂದೇ ಷರತ್ತು ಹಾಕಿದ್ದಳು: "ಫೋಟೋ ನೋಡೇ ಪಸಂದ್ ಮಾಡೀದಿ. ಅಲ್ಲಿ ಹೋಗಿ ವಾದ ಮಾಡಿ ಸಂಬಂಧ ಕೆಡಿಸಿದಿ ಅಂದ್ರ ನೋಡು!"

ಮಾತು ನಿಜ. ಫೋಟೋ ನೋಡಿದಾಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಈ ಸಂಬಂಧ ಕುದುರಲೇಬೇಕಿತ್ತು.

ಹುಡುಗಿಯ ಮನೆಯಲ್ಲಿ ತಿನ್ನಲು ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಬಂದವು. ಯಾಕೋ ತಟ್ಟೆ ಮುಟ್ಟಲು ಮನಸ್ಸಾಗಲಿಲ್ಲ. ಹುಡುಗಿ ಶೈಲಜಾ ಸೂಕ್ಷ್ಮಜೀವಿಶಾಸ್ತ್ರ ಓದಿದವಳು. ತಾನೇ ಕೇಳಿದಳು: "ಯಾಕ್ರೀ, ಏನೂ ತಿನ್ನವಲ್ರಿ? ಹೆದರಿಕಿ ಏನ್ರಿ? ಹೊಟ್ಟಿಗೂ ನರಕ್ಕೂ ನಂಟು ಅದರೀ. ಹೊಟ್ಟ್ಯಾಗಿನ ಬ್ಯಾಕ್ಟೀರಿಯಾನೂ ಅದರಾಗ ಕೈ ಆಡಸ್ತಾವಂತ."

'ಅಂತ'! ಅಂತೆ-ಕಂತೆ ಕೇಳಿಯೂ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಅವ್ವ ಸೆರಗಿನ ಮರೆಯಲ್ಲಿ ತೊಡೆ ಚಿವುಟಿದಳು. ಚಿವುಟಿಸಿಕೊಳ್ಳುತ್ತಲೇ ವಾದ ಮಂಡಿಸಿದೆ: "ಪುರಾವೆ ಎಲ್ಲಿ ಅದರಿ? ಇಲಿ ಮ್ಯಾಲಿನ ಪ್ರಯೋಗ ತಂದು ಮನುಷ್ಯಾರಿಗೆ ಹಚ್ಚಬ್ಯಾಡ್ರಿ. ಎರಡನೇದು, ನನಗ ಹೆದರಿಕಿ ಅನ್ನೋದೇ ಇಲ್ಲ!"

ಗುರ್‌ರ್‌ರ್!

ಸದ್ದು ನನ್ನ ಹೊಟ್ಟೆಯದು. ಶೈಲಜಾಳ ಅಜ್ಜ ಕಿಟಕಿಯಿಂದ ಹೊರಗೆ ಹಣಕಿದರು. "ಟ್ರ್ಯಾಕ್ಟರ್ ಬಂತೇನು?"

"ಬ್ಯಾಕ್ಟೀರಿಯಾದ ಮಾತು ಇನ್ನೂ ಪೂರಾ ಸಾಬೀತಾಗಿಲ್ಲ, ಒಪ್ಪತೀನ್ರಿ," ಎಂದಳು ಶೈಲಜಾ. "ಆದ್ರ ಹೆದರಿದಾಗ ತೆಲಿ ಹೊಟ್ಟಿಗೆ ಸುದ್ದಿ ಕಳಸ್ತದ. ನಿಮ್ದು ಈಗ ಬಂದು ಮುಟ್ಯಾದ."

"ಅದು ಹಸಿವ್ರೀ!" ಎಂದೆ. ಹಸಿವೆಂದು ಸಾಬೀತು ಮಾಡಲು ತಟ್ಟೆಯ ಮಿರ್ಚಿಗಳನ್ನೆಲ್ಲ ಒಂದರ ಹಿಂದೊಂದು ನುಂಗಿದೆ. ಅವ್ವನ ತಟ್ಟೆಯವನ್ನೂ! ಸಾಕ್ಷ್ಯ ಒದಗಿಸುವುದು ವಾದಿಯ ಪರಮ ಕರ್ತವ್ಯ.

ಸಾಕ್ಷ್ಯ ತಿರುಗಿಬಿತ್ತು. ಕಾಲು ತಾನಾಗಿ ಕುಣಿಯತೊಡಗಿತು. ಬೆನ್ನು ಬೆವರಿತು. ಕೂರಲಾಗದು, ಏಳುವಂತಿಲ್ಲ. ಹಿರಿಯರು ಎಲೆ-ಅಡಿಕೆ ಕೊಡುವ ಮುಂಚೆ ಗಂಡು ಎದ್ದರೆ, ನಮ್ಮವರಲ್ಲಿ, ಹುಡುಗಿಯನ್ನು ಒಲ್ಲೆ ಎಂದೇ ಅರ್ಥ.

ನಾನು ಎದ್ದೆ. ಎದ್ದದ್ದಷ್ಟೇ ಅಲ್ಲ, ಓಡಿದೆ!

ಅಜ್ಜ ಕೋಲು ಊರುತ್ತ ಹಿತ್ತಲವರೆಗೂ ಬಂದರು. "ಯಾಕಪಾ, ನಮ್ಮ ಹುಡುಗಿ ಪಸಂದ್ ಬರಲಿಲ್ಲೇನು?"

"ಬಂದಾಳ್ರೀ ಯಪ್ಪಾ! ಭಾಳ ಪಸಂದ್ ಬಂದಾಳ!"

ಜೀವಮಾನದಲ್ಲಿ ನಾನು ಪುರಾವೆಯಿಲ್ಲದೆ ಮಾಡಿದ ಏಕೈಕ ಘೋಷಣೆ. ಅದೂ ಪಾಯಿಖಾನೆಯ ಬಾಗಿಲ ಹಿಂದಿನಿಂದ! ಇಡೀ ಓಣಿಗೆ ಕೇಳಿತು.

ಮುಂದಿನ ವಾರ, ಸಂಬಂಧ ತಂದಿದ್ದ ದೇವದುರ್ಗದ ಸೋದರಮಾವ ಫೋನ್ ಮಾಡಿದರು.

"ಹುಡುಗಿ ನಿನ್ನ ಹೊಟ್ಟಿ ಒಪ್ಪ್ಯಾಳಪಾ. ಖರೇ ಹೇಳೋದು ಅದೊಂದೇ ಅಂತ. ಬಾಯಿ ಬಗ್ಗಿ ಇನ್ನೂ ವಿಚಾರ ಮಾಡಾಕತ್ತಾಳ."

"ಮಾವಾ, ಇದರಾಗ ಮೂರು ತಪ್ಪು..." ಎಂದು ಶುರು ಮಾಡಿದೆ.

ಅವ್ವ ಫೋನ್ ಕಸಿದುಕೊಂಡಳು.