ದಪ್ಪ ಪಾದದ ಅಕ್ಷರ

ತಪ್ಪೆಲ್ಲ ಬೋರ್ಡಣ್ಣನದೇ. ಬಾಯಿಬಿಟ್ಟು ಕರೆದಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಬೋರ್ಡು ಬರೆದ.

ಪಾಪ, ಅವನಿಗೂ ಬೇರೆ ಏನು ಗೊತ್ತು? ಮೂವತ್ತು ವರ್ಷ ಕಾರ್ಖಾನೆಗಳ ಅಪಾಯದ ಬೋರ್ಡುಗಳಿಗೆ ಅಕ್ಷರ ಮಾಡಿಕೊಟ್ಟ ಕೈ. ನಮ್ಮ ಗುಂಡುಗುಂಡು ಅಕ್ಷರಗಳ ತಲೆಕಟ್ಟನ್ನು ಕಬ್ಬಿಣದ ತೊಲೆಯ ಹಾಗೆ ದಪ್ಪ ಮಾಡಿ, ಕೆಳಗೆ ಇಟ್ಟಿಗೆಯಂಥ ಚೌಕದ ಪಾದ ಕೊಟ್ಟು, ನೂರು ಮಾರು ದೂರಕ್ಕೂ ಕಾಣುವಂತೆ ನಿಲ್ಲಿಸಿದ್ದ. ಬೀದಿ ತುದಿಯ ಟ್ರಾನ್ಸ್‌ಫಾರ್ಮರಿನ ಮೇಲೆ 'ಮುಟ್ಟಬೇಡಿ' ಅಂತ ಇರುವುದೂ ಅದೇ ಅಕ್ಷರ.

ಈ ಕಟ್ಟಡಕ್ಕೆ ಬಂದು ಐದು ತಿಂಗಳು. ಒಬ್ಬರೂ ಅವನ ಹೊಸ್ತಿಲು ತುಳಿದಿರಲಿಲ್ಲ. ಗೋಡೆ ಜೊತೆ ಮಾತಾಡಿ ಮಾತಾಡಿ ಸಾಕಾಗಿತ್ತು. ಭಾನುವಾರ ಬೆಳಿಗ್ಗೆ ಎಂಟು ಹೊಸ ಕಪ್ಪು ತೊಳೆದಿಟ್ಟು, ಬಾಗಿಲಿಗೆ ಅದೇ ಅಕ್ಷರದ ಬೋರ್ಡು ತಗಲಿಸಿದ: 'ಇಂದು ನಾಲ್ಕಕ್ಕೆ ಚಹಾ. ಎಲ್ಲರೂ ಬನ್ನಿ.'

ಎದುರುಮನೆಯಾಕೆ ಬಾಗಿಲು ತೆಗೆದಳು, ಬೋರ್ಡು ಕಂಡಳು, ಮಗಳನ್ನು ಒಳಗೆಳೆದು ಚಿಲಕ ಹಾಕಿದಳು. ಪೇಪರಿನವನು ಮೆಟ್ಟಿಲಿಂದಲೇ ಪೇಪರು ಎಸೆದ. ಮಧ್ಯಾಹ್ನ ವಾಚ್‌ಮನ್ ಬಂದು ದಾರಿಗೆ ಅಡ್ಡ ಹಗ್ಗ ಕಟ್ಟತೊಡಗಿದ.

"ಯಾಕಪ್ಪಾ ಹಗ್ಗ?" ಬೋರ್ಡಣ್ಣ ಇಣುಕಿದ.

"ನೀವು ಹೊರಗೆ ಬರಬೇಡಿ ಸಾರ್. ರಿಪೇರಿಯವರಿಗೆ ಹೇಳಿದ್ದೀವಿ."

"ಬೋರ್ಡು ಓದಿದ್ಯಾ?"

"ಓದೋದೇನ್ ಬಂತು ಸಾರ್? ಆ ಅಕ್ಷರ ಕಂಡ್ರೆ ಕಾಲು ತಾನಾಗೇ ಹಿಂದಕ್ಕೆ ಹೋಗುತ್ತೆ."

ಹೋಗಿಯೂ ಹೋಯಿತು. ಬೋರ್ಡಣ್ಣ ಬಾಯಿ ತೆರೆಯುವಷ್ಟರಲ್ಲಿ ವಾಚ್‌ಮನ್ ಕೆಳಗಿನ ಮಹಡಿಯಲ್ಲಿದ್ದ.

ಮೂರೂವರೆಗೆ ಮೇಲಿನ ಮಹಡಿಯ ಅಕ್ಕ ಹಗ್ಗ ದಾಟಿಕೊಂಡು ಬಂದಳು. ಅವಳ ಮನೆಯಲ್ಲಿ ದಿನವೂ ಜನಜಾತ್ರೆ. ಅಂಥವಳೇ ಬಂದಳಲ್ಲ ಅಂತ ಬೋರ್ಡಣ್ಣ ಹಿಗ್ಗಿದ. ಚಹಾಕ್ಕೆ ನೀರಿಡಲು ಓಡಿದ.

"ಕೂರೋಕೆ ಪುರುಸೊತ್ತಿಲ್ಲ ಅಣ್ಣ," ಎಂದಳು. "ನಿಮ್ಮ ಬೋರ್ಡು ಒಂದಿನದ ಮಟ್ಟಿಗೆ ಕೊಡಿ. ಬೆಳಗಿಂದ ಈ ಕಡೆ ನರಪಿಳ್ಳೆ ಸುಳಿದಿಲ್ಲ. ನಮ್ಮನೇಲಿ ಬರೋರು ಹೋಗೋರ ಕಾಟಕ್ಕೆ ತಲೆ ಚಿಟ್ಟು ಹಿಡಿದಿದೆ."

"ಅಕ್ಕ, ಅದರಲ್ಲಿ ಬರೆದಿರೋದು..." ಅನ್ನುವಷ್ಟರಲ್ಲಿ ಬೋರ್ಡು ಅವಳ ಕಂಕುಳಲ್ಲಿತ್ತು.

ನಾಲ್ಕಕ್ಕೆ ತಲೆಯ ಮೇಲೆ ದಡದಡ ಕಾಲಿನ ಸದ್ದು. ಆಮೇಲೆ ಮಾತು. ಆಮೇಲೆ ನಗು. ಬೋರ್ಡಣ್ಣ ಚಹಾ ಪಾತ್ರೆಯ ಪಕ್ಕ ಕೂತು ಆ ಸದ್ದನ್ನೇ ಕೇಳಿದ. ಐದು ತಿಂಗಳಲ್ಲಿ ಇಷ್ಟು ಒಂಟಿ ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಅಕ್ಕ ಏದುಸಿರು ಬಿಡುತ್ತ ಮತ್ತೆ ಬಂದಳು.

"ನನ್ನ ಕರ್ಮ ನೋಡಿ ಅಣ್ಣ. ಬೋರ್ಡು ಹಾಕಿದ್ದೇ ತಡ, ಅಕ್ಕನಿಗೆ ಏನಾಯ್ತೋ ಅಂತ ಇಡೀ ಕಟ್ಟಡ ಓಡಿಬಂತು. ಹತ್ತಿರ ಬಂದೋರು ಓದಿಯೂಬಿಟ್ರು. ಅದ್ಯಾವ ಹೋಟೆಲಿಗೆ ಬರೆದ ಬೋರ್ಡನ್ನ ಬಾಗಿಲಿಗೆ ಒಣಗಹಾಕಿದ್ರಿ? ಈಗ ಎಲ್ಲರಿಗೂ ಚಹಾ ಬೇಕಂತೆ. ಒಂಬತ್ತು ಕಪ್ಪು ಇದ್ರೆ ಕೊಡಿ."

ಬೋರ್ಡಣ್ಣ ಎಂಟು ಹೊಸ ಕಪ್ಪಿನ ಜೊತೆ ತನ್ನ ಹಳೆಯದನ್ನೂ ಸೇರಿಸಿ ತಟ್ಟೆಯಲ್ಲಿಟ್ಟು ಕೊಟ್ಟ. ನಾನೂ ಬರಲಾ ಅನ್ನೋ ಮಾತು ಗಂಟಲಿನವರೆಗೆ ಬಂದಿತ್ತು.

"ನಿಮ್ಮನ್ನೂ ಕರೀತಿದ್ದೆ," ಅಕ್ಕ ಹಗ್ಗ ದಾಟುತ್ತ ಅಂದಳು. "ಆದ್ರೆ ನಿಮಗೆ ಜನ ಕಂಡ್ರೆ ಆಗಲ್ಲ ಅಂತ ಎಲ್ಲರಿಗೂ ಗೊತ್ತು. ಕಪ್ಪು ತೊಳೆದು ಬಾಗಿಲ ಹತ್ರ ಇಟ್ಟು ಹೋಗ್ತೀನಿ, ಕರೆಗಂಟೆ ಒತ್ತಲ್ಲ."

ಅವನು ಒಳಗೆ ಹೋಗಿ ಚಹಾ ಬಿಸಿ ಮಾಡಿದ. ಸುರಿದುಕೊಳ್ಳಲು ನೋಡಿದರೆ ಮನೆಯಲ್ಲಿ ಒಂದು ಕಪ್ಪೂ ಇರಲಿಲ್ಲ.