ತವರಿಗೆ ಹೋದ ಧಾರಾವಾಹಿಯ ಸೊಸೆ

ಸುಳ್ಳು ಹೇಳುವುದಕ್ಕೆ ಗಟ್ಟಿ ಗುಂಡಿಗೆ ಬೇಕಂತೆ. ನನ್ನ ಅನುಭವ ಬೇರೆ. ನಿಜ ಹೇಳುವಷ್ಟು ಗುಂಡಿಗೆ ಇಲ್ಲದ್ದರಿಂದಲೇ ನಾನು ಸುಳ್ಳು ಹೇಳಿದ್ದು. ಅದೂ ಟಿವಿಯ ಎದುರು, ಓಣಿಯ ಹೆಂಗಸರೆಲ್ಲರ ಸಾಕ್ಷಿಯಾಗಿ. ಆಗ ನಾನು ಗುಡಗೇರಿಯಲ್ಲಿ ಹಿಂದಿ ಮಾಸ್ತರ. ಓಣಿಗೆಲ್ಲ ಒಂದೇ ಟಿವಿ, ಅದು ನನ್ನದು. ಓಣಿಗೆಲ್ಲ ಹಿಂದಿ ಬಲ್ಲವನೂ ಒಬ್ಬನೇ, ಅವನೂ ನಾನೇ. ವಾರಕ್ಕೊಮ್ಮೆ ಸಂಜೆ ಧಾರಾವಾಹಿ ಶುರುವಾದರೆ ಒಂದೊಂದು ಮಾತನ್ನೂ ಕನ್ನಡ ಮಾಡಿ ಹೇಳುವ ಗತ್ತು ನನ್ನದು. ಶಾಲೆಯಲ್ಲಿ ಯಾರೂ ನನ್ನ ಹಿಂದಿಯನ್ನು ಅಷ್ಟು ಬಾಯಿ ಬಿಟ್ಟು ಕೇಳಿದ್ದಿಲ್ಲ.

ಆ ಧಾರಾವಾಹಿಯಲ್ಲಿ ಒಬ್ಬಳು ಕಿರಿಸೊಸೆ. ಜೋರು ಅತ್ತೆಗೆ ನಗುನಗುತ್ತಲೇ ತಿರುಗಿ ಮಾತಾಡುವವಳು. ಬಾಜೂ ಮನೆಯ ಮುದುಕಿ ಗಂಗವ್ವನಿಗೆ ಅವಳೆಂದರೆ ಜೀವ. ಸೊಸೆ ಬಸುರಿ ಎಂದು ನಾನು ಹೇಳಿದ್ದೇ ತಡ, ಬೆರಳು ಮಡಿಚಿ ತಿಂಗಳು ಎಣಿಸತೊಡಗಿದಳು. ಏಳನೆಯ ತಿಂಗಳಿಗೆ ಹಸಿರು ಖಣ ತಂದು ಟಿವಿಯ ಮೇಲೆ ಹೊದಿಸಿ, ಅರಿಷಿಣ ಕುಂಕುಮ ಹಚ್ಚಿ, ಆರತಿ ಬೆಳಗಿ ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಮಾಡಿಯೇ ಬಿಟ್ಟಳು. ಕುಂಕುಮ ಗಾಜಿಗೆ ಮೆತ್ತಿಕೊಂಡು, ಆ ವಾರವೆಲ್ಲ ಸುದ್ದಿ ಓದುವ ಗಂಡಸರೂ ಹಣೆಗೆ ಕುಂಕುಮ ಇಟ್ಟುಕೊಂಡೇ ಓದಿದರು.

ಮರುವಾರ ಸೊಸೆ ಕಾಣಲಿಲ್ಲ. ಅವಳು ಅಪಘಾತದಲ್ಲಿ ತೀರಿಹೋದಳೆಂದು ಮಾವ ಒಂದೇ ವಾಕ್ಯದಲ್ಲಿ ಹೇಳಿ, ಚಹಾದಲ್ಲಿ ಬಿಸ್ಕೀಟು ಅದ್ದಿದ. ನಟಿಗೆ ಸಿನಿಮಾ ಸಿಕ್ಕಿತೋ, ಯಾರ ಜೊತೆ ಜಗಳಾಡಿದಳೋ, ದೇವರೇ ಬಲ್ಲ.

"ಮಾಸ್ತರ, ಅಂವಾ ಏನಂತಾನ್ರಿ?" ಗಂಗವ್ವ ಕೇಳಿದಳು.

ನನ್ನ ಹೆಂಡತಿಯೂ ಆಗ ಚೊಚ್ಚಲ ಹೆರಿಗೆಗೆಂದು ಮಿಶ್ರಿಕೋಟಿಯ ತವರಿಗೆ ಹೋಗಿದ್ದಳು. ಸಾವಿನ ಮಾತಾಡಲು ನನ್ನ ನಾಲಿಗೆ ಏಳಲಿಲ್ಲ. "ಹಡಿಯಾಕ ತವರಮನಿಗೆ ಹೋಗ್ಯಾಳಂತ್ರಿ," ಅಂದೆ.

ಮುಂದೆ ಹೆರಿಗೆಯನ್ನೂ ನಾನೇ ಮಾಡಿಸಬೇಕಾಯಿತು. ನನ್ನ ಹೆಂಡತಿಗೆ ಹೆಣ್ಣು ಹುಟ್ಟಿತ್ತು. ಧಾರಾವಾಹಿಯ ಸೊಸೆಗೂ ಹೆಣ್ಣೇ ಅಂದೆ. ಗಂಗವ್ವ ಕೂಸುಗಳ ತಲೆಗೆಂದು ಎರಡು ಕುಲಾಯಿ ಹೊಲಿದಿಟ್ಟಳು. ಐದು ತಿಂಗಳಿಗೆ ಬಾಣಂತಿಯನ್ನು ಕರೆತರುವುದು ನಮ್ಮ ಕಡೆಯ ಪದ್ಧತಿ. ಶಾಲೆ, ಪರೀಕ್ಷೆ, ಧಾರಾವಾಹಿ ಎಂದು ಮುಂದೂಡುತ್ತ ನಾನು ಏಳು ತಿಂಗಳು ಮಾಡಿದ್ದೆ. ಆಗ ಬಂತು ನೋಡಿ ಆ ಸಂಜೆ. ಟಿವಿಯಲ್ಲಿ ಆ ಸೊಸೆಯ ಗಂಡ ಬೇರೊಬ್ಬಳ ಕೊರಳಿಗೆ ಹಾರ ಹಾಕುತ್ತಿದ್ದಾನೆ. ಹಾರಕ್ಕೆ ಅನುವಾದ ಬೇಕೆ?

"ಹಡದ ಹೇಣ್ತಿ ತವರಮನ್ಯಾಗ ಕುಂತಾಳ, ಈ ಭಾಡ್ಯಾ ಎರಡನೇ ಮದವಿ ಆಗಾಕತ್ತಾನ!" ಗಂಗವ್ವ ಎದ್ದು ನಿಂತಳು. ಕೈಯಲ್ಲಿದ್ದ ತಂಬಿಗೆ ಟಿವಿಗೆ ಬೀಳುವ ಮೊದಲು ನಾನು ಅಡ್ಡ ನಿಂತು ಎಲ್ಲ ಒದರಿಬಿಟ್ಟೆ: "ತಪ್ಪಾತ್ರಿ ಯವ್ವಾ, ಅಕಿ ಯಾವಾಗೋ ಸತ್ತ ಹೋಗ್ಯಾಳ್ರಿ!"

ಗಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಮಾಸ್ತರ, ನಿಮ್ಮ ಮನಿಯವರು ಎಲ್ಲಿ ಅದಾರ?"

"ತವರಮನ್ಯಾಗ ಅದಾಳ್ರಿ."

"ಅದನ್ನೂ ನೀವ ಹೇಳಾವ್ರು."

ಮರುದಿನ ಮೊದಲ ಬಸ್ಸಿಗೇ ಹೊರಟೆ. ಹೆಂಡತಿ, ಮಗಳ ಸಮೇತ ಮರಳಿ ಬಂದು ಇಳಿದಾಗ ಗಂಗವ್ವ ಬಸ್‌ಸ್ಟ್ಯಾಂಡಿನಲ್ಲೇ ಕಾದಿದ್ದಳು. ನನ್ನ ಹೆಂಡತಿಯ ಗಲ್ಲ, ಕೈ ಎಲ್ಲ ಮುಟ್ಟಿ ನೋಡಿ, "ಖರೇನ ಅದಾಳ!" ಎಂದು ಸಾರಿದಳು. ಮಗಳ ತಲೆಗೆ ಕುಲಾಯಿ ಹಾಕಿದಳು. ಎರಡನ್ನೂ, ಒಂದರ ಮೇಲೊಂದು.

ಮುಂದಿನ ವಾರದಿಂದ ಧಾರಾವಾಹಿಯ ಅರ್ಥ ಹೇಳುವವಳು ನನ್ನ ಹೆಂಡತಿ. ಹಿಂದಿಯ ಒಂದಕ್ಷರ ಬಾರದವಳು. ಆದರೂ ಓಣಿಗೆಲ್ಲ ಅವಳ ಮೇಲೇ ನಂಬಿಕೆ. ನನಗೆ ಮಾಳಿಗೆಯ ಮೇಲೆ ಆ್ಯಂಟೆನಾ ಹಿಡಿದು ನಿಲ್ಲುವ ಕೆಲಸ. ಕೆಳಗೆ ಹೆಂಗಸರು ಹೋ ಎಂದು ನಗುತ್ತಿದ್ದರು. ಏನಾಯಿತೆಂದು ತಡೆಯಲಾರದೆ ಕೂಗಿ ಕೇಳಿದರೆ ಹೆಂಡತಿಯ ಉತ್ತರ ಒಂದೇ:

"ಏನಿಲ್ಲರಿ, ನೀವು ಅಲ್ಲೇ ನಿಂದರ್ರಿ, ಚಿತ್ರ ಅಗದಿ ಚಂದ ಬರಾಕತ್ತೇತಿ."